ಹೊಸ ರೂಟರ್: ವೈಫೈ ಸಿಗುತ್ತದೆ, ಅಂತರ್ಜಾಲ ಬರುವುದಿಲ್ಲ

ಪಡಸಾಲೆ:

ಎಲ್ಲರಿಗೂ ನಮಸ್ಕಾರ. ಸೇವಾದಾತರು ಗೋಡೆಗೆ ಕೂರಿಸಿರುವ ಫೈಬರ್ ಪೆಟ್ಟಿಗೆಯಲ್ಲಿಯೇ ವೈಫೈ ಇದ್ದರೂ ಅದರ ಸಿಗ್ನಲ್ ಮುಂದಿನ ಕೋಣೆಯನ್ನು ದಾಟುತ್ತಿರಲಿಲ್ಲವಾದ್ದರಿಂದ ಪ್ರತ್ಯೇಕ ರೂಟರ್ ಒಂದನ್ನು ತಂದು ಜೋಡಿಸಿದ್ದೇನೆ. ಮನೆಯ ಸಾಧನಗಳಿಗೆಂದು ಫೈಬರ್ ಪೆಟ್ಟಿಗೆಯಲ್ಲಿರುವ ಲ್ಯಾನ್ ಪೋರ್ಟಿನಿಂದ, ಹೊರಗಿನ ಸಂಪರ್ಕ ಪಡೆಯಲೆಂದು ಹೊಸ ರೂಟರಿನಲ್ಲಿರುವ ವ್ಯಾನ್ ಪೋರ್ಟಿಗೆ ಕೇಬಲ್ ಎಳೆದು, ಫೋನಿನಲ್ಲಿ ತೆರೆದುಕೊಂಡ ಪುಟದಲ್ಲಿ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಉಳಿಸಿದೆ. ಫೋನು ಹೊಸ ವೈಫೈಗೆ ತಕ್ಷಣ ಸೇರಿಕೊಳ್ಳುತ್ತದೆ, ಸಿಗ್ನಲ್ ಪಟ್ಟಿಗಳೂ ಪೂರ್ತಿ ಇವೆ, ಆದರೆ ಕೆಳಗೆ ‘ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ’ ಎಂದು ಬರುತ್ತದೆ. ಹಳೆಯ ವೈಫೈಗೆ ಮರಳಿದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ರೂಟರನ್ನು ಆರಿಸಿ ಹಚ್ಚಿದ್ದಾಗಿದೆ, ಕೇಬಲನ್ನು ಬೇರೆ ಲ್ಯಾನ್ ಪೋರ್ಟಿಗೂ ಹಾಕಿ ನೋಡಿದ್ದಾಗಿದೆ. ಹೊಸ ರೂಟರಿನಲ್ಲೇ ದೋಷವಿದೆಯೆಂದು ಹಿಂದಿರುಗಿಸುವ ಮೊದಲು ಯಾವುದನ್ನು ಪರೀಕ್ಷಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ತಂತಿಮೂಲ:

ಈಗಲೇ ಹಿಂದಿರುಗಿಸಬೇಡಿ. ನೀವು ಹೇಳಿರುವ ಲಕ್ಷಣಗಳಲ್ಲಿ ರೂಟರ್ ಕೆಟ್ಟಿರುವ ಸುಳಿವು ಒಂದೂ ಇಲ್ಲ. ಫೋನಿನಿಂದ ರೂಟರಿನವರೆಗಿನ ದಾರಿ ಒಂದು, ರೂಟರಿನಿಂದ ಫೈಬರ್ ಪೆಟ್ಟಿಗೆಯ ಮೂಲಕ ಹೊರಜಗತ್ತಿಗೆ ಹೋಗುವ ದಾರಿ ಇನ್ನೊಂದು. ಸಿಗ್ನಲ್ ಪಟ್ಟಿಗಳು ತೋರಿಸುವುದು ಮೊದಲನೆಯದನ್ನು ಮಾತ್ರ, ಮತ್ತು ಅದು ನಿಮ್ಮಲ್ಲಿ ಸರಿಯಾಗಿದೆ. ಹಳೆಯ ವೈಫೈಯಲ್ಲಿ ಅಂತರ್ಜಾಲ ಬರುತ್ತಿರುವುದರಿಂದ ಫೈಬರ್ ಪೆಟ್ಟಿಗೆಯಿಂದಾಚೆಗಿನ ಭಾಗವೂ ಸರಿಯಾಗಿದೆ. ಆದ್ದರಿಂದ ತೊಡಕು ಇರುವುದು ಎರಡು ಪೆಟ್ಟಿಗೆಗಳ ನಡುವೆ. ಅದು ಕೇಬಲ್ ಇರಬಹುದು, ಅಥವಾ ಆ ಕೇಬಲ್ಲಿನ ಮೇಲೆ ಅವೆರಡೂ ಮಾಡಿಕೊಳ್ಳಬೇಕಾದ ವಿಳಾಸದ ವ್ಯವಹಾರ ಇರಬಹುದು.

ಇದನ್ನು ಖಚಿತಪಡಿಸಿಕೊಳ್ಳಲು ರೂಟರಿನ ಆಡಳಿತ ಪುಟ ತೆರೆದು, ‘ಸ್ಟೇಟಸ್’ ಅಥವಾ ‘ಇಂಟರ್ನೆಟ್’ ಎಂಬ ಭಾಗದಲ್ಲಿ ವ್ಯಾನ್ ಐಪಿ ವಿಳಾಸ, ಅಂದರೆ ರೂಟರಿಗೆ ಫೈಬರ್ ಪೆಟ್ಟಿಗೆಯ ಕಡೆಯಿಂದ ಸಿಕ್ಕ ಸಂಖ್ಯಾ ವಿಳಾಸ, ಏನೆಂದು ನೋಡಿ ಇಲ್ಲಿ ಬರೆಯಿರಿ. ಆಡಳಿತ ಪುಟದ ವಿಳಾಸ ರೂಟರಿನ ಕೆಳಗಿನ ಚೀಟಿಯ ಮೇಲಿರುತ್ತದೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1. ವ್ಯಾನ್ ಐಪಿ 0.0.0.0 ಎಂದಿದ್ದರೆ ರೂಟರಿಗೆ ಇನ್ನೂ ವಿಳಾಸವೇ ಸಿಕ್ಕಿಲ್ಲ ಎಂದರ್ಥ, ಆಗ ಕೇಬಲನ್ನೋ ಸಂಪರ್ಕದ ಬಗೆಯನ್ನೋ ಅನುಮಾನಿಸಬೇಕು. 192.168 ಅಥವಾ 10 ಎಂದು ಆರಂಭವಾಗುವ ವಿಳಾಸವಿದ್ದರೆ ಫೈಬರ್ ಪೆಟ್ಟಿಗೆ ತಾನೇ ರೂಟರಾಗಿ ನಿಂತು ನಿಮ್ಮ ರೂಟರಿಗೆ ಒಳವಿಳಾಸ ಕೊಟ್ಟಿದೆ ಎಂದು ತಿಳಿಯಬೇಕು. ಪರಿಶೀಲನೆ ಮುಗಿಯುವವರೆಗೆ ಬೇರೆ ಯಾವ ಆಯ್ಕೆಯನ್ನೂ ಬದಲಾಯಿಸಬೇಡಿ. ಒಮ್ಮೆಗೆ ನಾಲ್ಕು ಸಂಗತಿ ಬದಲಾಯಿಸಿದರೆ, ಸರಿಹೋದಾಗಲೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಪಡಸಾಲೆ:

ತಕ್ಷಣ ಉತ್ತರಿಸಿದ್ದಕ್ಕೆ ಧನ್ಯವಾದಗಳು. ವ್ಯಾನ್ ಐಪಿ ಎಂಬಲ್ಲಿ 192.168.1.7 ಎಂದಿದೆ, ಗೇಟ್‌ವೇ ಎಂಬಲ್ಲಿ 192.168.1.1 ಎಂದಿದೆ. ಆದರೆ ಈ ಆಡಳಿತ ಪುಟವನ್ನು ತೆರೆಯಲು ನಾನು ಬಳಸಿದ ವಿಳಾಸವೂ 192.168.1.1 ಎಂಬುದೇ. ಎರಡೂ ಒಂದೇ ಆಗಿರಬಹುದೇ?

ತಂತಿಮೂಲ:

ಆಗಿರಬಾರದು, ನಿಮ್ಮ ತೊಂದರೆಯ ಮೂಲವೂ ಅದೇ. ಫೈಬರ್ ಪೆಟ್ಟಿಗೆಯ ಒಳವಿಳಾಸವೂ 192.168.1.1, ಹೊಸ ರೂಟರಿನ ಒಳವಿಳಾಸವೂ 192.168.1.1. ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಿದ್ದಂತಾಗಿದೆ. ನಿಮ್ಮ ಫೋನು ಹೊರಗಿನ ಜಾಲತಾಣವೊಂದನ್ನು ಕೇಳಿದಾಗ ರೂಟರ್ ಆ ಕೋರಿಕೆಯನ್ನು ತನ್ನ ಗೇಟ್‌ವೇಗೆ, ಅಂದರೆ ಹೊರಗೆ ಹೋಗುವ ಬಾಗಿಲಾದ ಫೈಬರ್ ಪೆಟ್ಟಿಗೆಗೆ, ದಾಟಿಸಬೇಕು. ಆದರೆ ಗೇಟ್‌ವೇ ಎಂದು ಬರೆದುಕೊಂಡಿರುವ ವಿಳಾಸ ತನ್ನದೇ ಆಗಿರುವುದರಿಂದ ಕೋರಿಕೆ ಹೊರಗೆ ಹೋಗುವುದೇ ಇಲ್ಲ. ಕೆಲವು ರೂಟರುಗಳು ಇಂತಹ ಘರ್ಷಣೆಯನ್ನು ತಾವಾಗಿ ಗುರುತಿಸಿ ಒಳವಿಳಾಸವನ್ನು ಬದಲಾಯಿಸಿಕೊಳ್ಳುತ್ತವೆ, ನಿಮ್ಮದು ಹಾಗೆ ಮಾಡಿಲ್ಲ.

ಪರಿಹಾರ ಸುಲಭ. ಹೊಸ ರೂಟರಿನ ಲ್ಯಾನ್ ಸೆಟ್ಟಿಂಗ್‌ಗೆ ಹೋಗಿ ಅದರ ವಿಳಾಸವನ್ನು 192.168.50.1 ಎಂದು ಬದಲಾಯಿಸಿ. ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳಲ್ಲಿ ಮೂರನೆಯದು ಬೇರೆಯಾಗಿರುವುದು ಮುಖ್ಯ, 192.168.1.2 ಎಂದು ಕೊಟ್ಟರೆ ಸಾಲದು, ಏಕೆಂದರೆ ಸಬ್‌ನೆಟ್ ಮಾಸ್ಕ್ (ಜಾಲದ ಗಡಿಯನ್ನು ಹೇಳುವ ಸಂಖ್ಯೆ) 255.255.255.0 ಆಗಿದ್ದಾಗ ಮೊದಲ ಮೂರು ಸಂಖ್ಯೆಗಳು ಒಂದೇ ಇರುವ ವಿಳಾಸಗಳೆಲ್ಲ ಒಂದೇ ಜಾಲಕ್ಕೆ ಸೇರಿದವೆಂದು ರೂಟರ್ ಭಾವಿಸುತ್ತದೆ. ಉಳಿಸಿದ ಕೂಡಲೇ ಪುಟ ಕಾಣೆಯಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಫೋನಿನ ವೈಫೈಯನ್ನು ಒಮ್ಮೆ ಆರಿಸಿ ಹಚ್ಚಿದರೆ ಅದಕ್ಕೆ ಹೊಸ ಶ್ರೇಣಿಯ ವಿಳಾಸ ಸಿಗುತ್ತದೆ, ಆಡಳಿತ ಪುಟವನ್ನು ಹೊಸ ವಿಳಾಸದಲ್ಲಿ ತೆರೆಯಬೇಕು.

ನೆಲಮಾಳಿಗೆ:

ಇದಕ್ಕಿಂತ ಸರಳವಾದ ದಾರಿಯೊಂದಿದೆ. ಫೈಬರ್ ಪೆಟ್ಟಿಗೆಯೇ ರೂಟರಿನ ಕೆಲಸವನ್ನು ಮಾಡುತ್ತಿರುವಾಗ ಹೊಸ ಸಾಧನವನ್ನು ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಹಾಕಿದರೆ ಮುಗಿಯಿತು. ವಿಳಾಸ ಹಂಚುವ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುತ್ತದೆ, ಹೊಸದು ಕೇವಲ ವೈಫೈ ಬೀರುತ್ತದೆ. ತಂತಿಮೂಲ ಅವರು ಹೇಳಿದ ವಿಧಾನದಲ್ಲಿ ವಿಳಾಸ ಪರಿವರ್ತನೆ ಎರಡು ಕಡೆ ನಡೆಯುತ್ತದೆ, ಅಂದರೆ ಡಬಲ್ ನ್ಯಾಟ್. ಸಾಮಾನ್ಯ ಬಳಕೆಗೆ ಅದು ಅಡ್ಡಿಯಲ್ಲ, ಆದರೆ ಹೊರಗಿನಿಂದ ಮನೆಯ ಕ್ಯಾಮೆರಾವನ್ನು ನೇರವಾಗಿ ತಲುಪಬೇಕೆಂದರೆ ಅಥವಾ ಕೆಲವು ಆನ್‌ಲೈನ್ ಆಟಗಳಲ್ಲಿ ನೀವೇ ಆತಿಥೇಯರಾಗಬೇಕೆಂದರೆ ಎರಡೂ ಪೆಟ್ಟಿಗೆಗಳಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆಯಬೇಕಾಗುತ್ತದೆ. ಜೊತೆಗೆ, ಹಳೆಯ ವೈಫೈಗೆ ಸೇರಿದ ಪ್ರಿಂಟರ್ ಹೊಸ ವೈಫೈಯಲ್ಲಿರುವ ಲ್ಯಾಪ್‌ಟಾಪಿಗೆ ಕಾಣಿಸುವುದಿಲ್ಲ.

ತಂತಿಮೂಲ:

ನೆಲಮಾಳಿಗೆ ಅವರ ಮಾತನ್ನು ಒಪ್ಪುತ್ತೇನೆ, ಆದರೂ ಆ ಆಯ್ಕೆಯಲ್ಲಿ ಕಳೆದುಕೊಳ್ಳುವುದೇನೆಂಬುದು ಪಡಸಾಲೆ ಅವರಿಗೆ ಗೊತ್ತಿರಲಿ. ಆಕ್ಸೆಸ್ ಪಾಯಿಂಟ್ ವಿಧಾನದಲ್ಲಿ ಹೊಸ ರೂಟರಿನ ಫೈರ್‌ವಾಲ್, ಮಕ್ಕಳ ಸಮಯ ನಿಯಂತ್ರಣ, ಸಾಧನಗಳ ನಡುವೆ ವೇಗ ಹಂಚುವ ವ್ಯವಸ್ಥೆ ಇವೆಲ್ಲ ಸಾಮಾನ್ಯವಾಗಿ ನಿಷ್ಕ್ರಿಯವಾಗುತ್ತವೆ. ಆ ಸೌಲಭ್ಯಗಳಿಗಾಗಿಯೇ ಒಳ್ಳೆಯ ರೂಟರ್ ಕೊಂಡಿದ್ದರೆ ಅವನ್ನು ಬಿಟ್ಟುಕೊಟ್ಟಂತಾಗುತ್ತದೆ. ಮೂರನೆಯ ದಾರಿ ಎಂದರೆ ಫೈಬರ್ ಪೆಟ್ಟಿಗೆಯನ್ನು ‘ಬ್ರಿಡ್ಜ್’ ವಿಧಾನಕ್ಕೆ ಹಾಕಿಸಿ, ಅಂದರೆ ಅದು ರೂಟರಿನ ಕೆಲಸ ಬಿಟ್ಟು ಸಂಕೇತವನ್ನು ದಾಟಿಸುವುದನ್ನಷ್ಟೇ ಮಾಡುವಂತೆ ಮಾಡಿಸಿ, ಸಂಪರ್ಕವನ್ನು ಹೊಸ ರೂಟರಿನಿಂದಲೇ ಸ್ಥಾಪಿಸುವುದು. ನನ್ನ ಅಭಿಪ್ರಾಯದಲ್ಲಿ ಇದು ಅತ್ಯಂತ ಶುದ್ಧವಾದ ಜೋಡಣೆ. ಆದರೆ ಅದಕ್ಕೆ ಮೊದಲು ಸೇವಾದಾತರಿಂದ ಪಿಪಿಪಿಒಇ (ಸೇವಾದಾತರ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಬಳಕೆದಾರ ಹೆಸರು, ಪಾಸ್‌ವರ್ಡ್, ಮತ್ತು ವಿ-ಲ್ಯಾನ್ ಸಂಖ್ಯೆ (ಒಂದೇ ತಂತಿಯ ಮೇಲಿನ ಬೇರೆ ಬೇರೆ ಜಾಲಗಳನ್ನು ಗುರುತಿಸುವ ಸಂಖ್ಯೆ) ಬೇಕಾಗಿದ್ದರೆ ಅದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಬ್ರಿಡ್ಜ್ ಮಾಡಿದ ಮೇಲೆ ಕೇಳೋಣವೆಂದರೆ, ಕೇಳುವುದಕ್ಕೆ ಬೇಕಾದ ಸಂಪರ್ಕವೇ ಮನೆಯಲ್ಲಿ ಇರುವುದಿಲ್ಲ. ಫೈಬರ್ ಪೆಟ್ಟಿಗೆಗೆ ಸ್ಥಿರ ದೂರವಾಣಿ ಜೋಡಿಸಿದ್ದರೆ ಬ್ರಿಡ್ಜ್ ಆದ ಮೇಲೂ ಅದು ಕೆಲಸ ಮಾಡುತ್ತದೆಯೇ ಎಂಬುದನ್ನೂ ಮುಂಚೆಯೇ ವಿಚಾರಿಸಿ.

ಸದ್ಯಕ್ಕೆ ಒಳವಿಳಾಸ ಬದಲಾಯಿಸಿ ಅಂತರ್ಜಾಲ ಬರುವಂತೆ ಮಾಡಿಕೊಳ್ಳಿ. ಉಳಿದದ್ದನ್ನು ನಿಧಾನವಾಗಿ ನಿರ್ಧರಿಸಬಹುದು.

ಪಡಸಾಲೆ:

192.168.50.1 ಎಂದು ಬದಲಾಯಿಸಿದ ಮರುಕ್ಷಣವೇ ಅಂತರ್ಜಾಲ ಬಂದಿದೆ, ಇಬ್ಬರಿಗೂ ಕೃತಜ್ಞತೆಗಳು. ಫೈಬರ್ ಪೆಟ್ಟಿಗೆಯ ವೈಫೈಯನ್ನು ನಿಲ್ಲಿಸಿದ್ದೇನೆ, ಎಲ್ಲ ಸಾಧನಗಳೂ ಈಗ ಹೊಸದರಲ್ಲೇ ಇವೆ.

ಆದರೆ ಈಗ ಬೇರೊಂದು ಪ್ರಶ್ನೆ ಎದ್ದಿದೆ. ನಮ್ಮ ಯೋಜನೆಯ ವೇಗ 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ರೂಟರಿನ ಪಕ್ಕದಲ್ಲೇ ಕುಳಿತು 5 ಗಿಗಾಹರ್ಟ್ಸ್ ವೈಫೈಯಲ್ಲಿ ಪರೀಕ್ಷಿಸಿದರೆ 93 ಅಥವಾ 94 ಬರುತ್ತದೆ. ಲ್ಯಾಪ್‌ಟಾಪನ್ನು ಕೇಬಲಿನಿಂದ ರೂಟರಿಗೆ ಜೋಡಿಸಿದರೂ 94. ಬೆಳಿಗ್ಗೆ ನೋಡಿದರೂ ರಾತ್ರಿ ನೋಡಿದರೂ ಅಷ್ಟೇ. ಹಳೆಯ ವೈಫೈಯಲ್ಲಿ, ಅದರ ಹತ್ತಿರ ನಿಂತರೆ, 200ಕ್ಕಿಂತ ಹೆಚ್ಚು ಬರುತ್ತಿತ್ತು.

ತಂತಿಮೂಲ:

94 ಎಂಬ ಅಂಕಿಯೇ ಉತ್ತರವನ್ನು ಹೇಳುತ್ತಿದೆ. ವೈಫೈಯ ದೌರ್ಬಲ್ಯದಿಂದ ಕಡಿಮೆಯಾದ ವೇಗ ಒಮ್ಮೆ 70, ಒಮ್ಮೆ 130 ಎಂದು ಏರಿಳಿಯುತ್ತದೆ. ಯಾವ ಸಾಧನದಲ್ಲಿ, ಯಾವ ಹೊತ್ತಿನಲ್ಲಿ ನೋಡಿದರೂ 94ರ ಬಳಿ ಕಟ್ಟಿಹಾಕಿದಂತೆ ನಿಲ್ಲುವುದಿಲ್ಲ. ಹಾಗೆ ನಿಂತರೆ ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100 ಎಂಬಿಪಿಎಸ್ ಈಥರ್ನೆಟ್ (ತಂತಿಯ ಜಾಲ) ಆಗಿ ಓಡುತ್ತಿದೆ ಎಂದರ್ಥ. ತಂತಿಯ ಮೇಲೆ ಒಂದು ಪೂರ್ಣ ಫ್ರೇಮ್ (ದತ್ತಾಂಶದ ಕಂತೆ) 1538 ಬೈಟ್‌ಗಳಷ್ಟು ಜಾಗ ತೆಗೆದುಕೊಳ್ಳುತ್ತದೆ, ಅದರಲ್ಲಿ ನಮ್ಮ ಕೈಗೆ ಸಿಗುವ ದತ್ತಾಂಶ ಸಾಮಾನ್ಯವಾಗಿ 1448 ಬೈಟ್. ಭಾಗಿಸಿ ನೋಡಿದರೆ 100ಕ್ಕೆ 94 ಬರುತ್ತದೆ. ಇದೇ ಲೆಕ್ಕದಲ್ಲಿ ಗಿಗಾಬಿಟ್ (1000 ಎಂಬಿಪಿಎಸ್) ಕೊಂಡಿಯಲ್ಲಿ 940ರ ಆಸುಪಾಸು ಸಿಗಬೇಕು.

ಇದಕ್ಕೆ ಎರಡು ಕಾರಣಗಳಿರಬಹುದು. ಹೊಸ ರೂಟರಿನ ವ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದಾಗಿರಬಹುದು. ಪೆಟ್ಟಿಗೆಯ ಮೇಲೆ ವೈಫೈಯ ದೊಡ್ಡ ಅಂಕಿಗಳನ್ನು ಮುದ್ರಿಸಿ, ಒಳಗೆ 100ರ ಪೋರ್ಟುಗಳನ್ನಿಟ್ಟ ರೂಟರುಗಳು ಮಾರುಕಟ್ಟೆಯಲ್ಲಿ ಇವೆ. ಅದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಕೊಳ್ಳುವವರ ಗಮನಕ್ಕೆ ಅದು ಸುಲಭವಾಗಿ ಬರುವುದಿಲ್ಲ. ಪೋರ್ಟ್ ಗಿಗಾಬಿಟ್ ಆಗಿದ್ದರೆ, ಉಳಿಯುವುದು ಎರಡು ಪೆಟ್ಟಿಗೆಗಳ ನಡುವಿನ ಕೇಬಲ್. ಈಥರ್ನೆಟ್ ಕೇಬಲ್ಲಿನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ತಂತಿಗಳಿರುತ್ತವೆ. 100 ಎಂಬಿಪಿಎಸ್‌ಗೆ 1, 2, 3 ಮತ್ತು 6ನೆಯ ತಂತಿಗಳು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. 4, 5, 7, 8ರಲ್ಲಿ ಒಂದು ತುಂಡಾಗಿದ್ದರೂ ಎರಡೂ ಕಡೆಯ ಪೋರ್ಟುಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಯಾವ ದೋಷಸಂದೇಶವೂ ಬರುವುದಿಲ್ಲ. ಆಡಳಿತ ಪುಟದಲ್ಲಿ ವ್ಯಾನ್ ಪೋರ್ಟಿನ ‘ಲಿಂಕ್ ಸ್ಪೀಡ್’ ನೋಡಿ, ನಂತರ ಕೇಬಲ್ಲಿನ ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ.

ಪಡಸಾಲೆ:

ಪೋರ್ಟುಗಳು ಗಿಗಾಬಿಟ್ ಎಂದು ರೂಟರಿನ ಕೈಪಿಡಿಯಲ್ಲಿದೆ, ಆದರೆ ವ್ಯಾನ್ ಲಿಂಕ್ ಸ್ಪೀಡ್ 100 ಎಂದು ತೋರಿಸುತ್ತಿತ್ತು. ಕೇಬಲ್ಲಿನ ಪಾರದರ್ಶಕ ಪ್ಲಗ್ಗನ್ನು ಟಾರ್ಚಿನ ಬೆಳಕಿನಲ್ಲಿ ತಿರುಗಿಸಿ ನೋಡಿದಾಗ ಏಳು ತಂತಿಗಳ ತುದಿಗಳು ಪ್ಲಗ್ಗಿನ ಮುಂಭಾಗದ ಗೋಡೆಗೆ ತಾಗಿದ್ದವು, ಕಂದು ಬಣ್ಣದ ತಂತಿಯೊಂದು ಮಾತ್ರ ಹಿಂದಕ್ಕೆ ಸರಿದು, ಅದರ ಮೇಲಿನ ಚಿನ್ನದ ಬಣ್ಣದ ಹಲ್ಲನ್ನು ಮುಟ್ಟದೆ ನಿಂತಿತ್ತು. ರೂಟರಿನ ಪೆಟ್ಟಿಗೆಯಲ್ಲಿ ಬಂದಿದ್ದ ಚಿಕ್ಕ ಕೇಬಲನ್ನು ಹಾಕಿದ ಮೇಲೆ ಲಿಂಕ್ ಸ್ಪೀಡ್ 1000 ಆಗಿದೆ, ತಂತಿಯಲ್ಲಿ 290ರ ಹತ್ತಿರ ಬರುತ್ತಿದೆ. ಚಿಕ್ಕ ಕೇಬಲ್ಲಿನಿಂದಾಗಿ ರೂಟರನ್ನು ಈಗ ಫೈಬರ್ ಪೆಟ್ಟಿಗೆಯ ಪಕ್ಕದ ಟಿವಿ ಕಪಾಟಿನೊಳಗೆ ಇಟ್ಟಿದ್ದೇನೆ.

ಮೇಲ್ಮಹಡಿ:

ಈ ಚರ್ಚೆಯನ್ನು ಓದಿ ನಾನೂ ನಮ್ಮ ಮನೆಯ ಲಿಂಕ್ ಸ್ಪೀಡ್ ನೋಡಿಕೊಂಡೆ, 1000 ಇದೆ. ಇನ್ನೊಂದು ಗೊಂದಲವನ್ನು ಪರಿಹರಿಸಿ. ವೇಗ ಪರೀಕ್ಷೆಯಲ್ಲಿ 100 ಬಂದರೂ ಕಡತ ಇಳಿಸಿಕೊಳ್ಳುವಾಗ 12 ಎಂದಷ್ಟೇ ತೋರಿಸುತ್ತದೆಯಲ್ಲ, ಅದೂ ಕೇಬಲ್ಲಿನ ದೋಷವೇ?

ತಂತಿಮೂಲ:

ಅಲ್ಲ, ಎರಡೂ ಒಂದೇ ವೇಗ. ಒಂದು ಬಿಟ್‌ಗಳ ಲೆಕ್ಕ, ಇನ್ನೊಂದು ಬೈಟ್‌ಗಳ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್.

ಅಲೆಯಳತೆ:

ಪಡಸಾಲೆ ಅವರು ರೂಟರನ್ನು ಟಿವಿ ಕಪಾಟಿನೊಳಗೆ ಇಟ್ಟಿರುವುದನ್ನು ಓದಿ ಸುಮ್ಮನಿರಲಾಗಲಿಲ್ಲ. ವೈಫೈ ಎಂದರೆ ರೇಡಿಯೋ ಅಲೆ. ಟಿವಿಯ ಹಿಂದಿನ ಲೋಹದ ತಗಡು, ಕನ್ನಡಿ, ಉಕ್ಕಿನ ಬೀರು, ಮೀನಿನ ತೊಟ್ಟಿ, ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಗೋಡೆ ಇವೆಲ್ಲ ಅದನ್ನು ತಡೆಯುತ್ತವೆ ಅಥವಾ ಹೀರುತ್ತವೆ. ಒಳ್ಳೆಯ ರೂಟರನ್ನು ಕಪಾಟಿನಲ್ಲಿ ಮುಚ್ಚಿಟ್ಟು ನಂತರ ಸಿಗ್ನಲ್ ಸಾಲದೆಂದು ಇನ್ನೊಂದು ಸಾಧನ ಕೊಳ್ಳುವವರನ್ನು ನೋಡಿದಾಗ ನನಗೆ ನೋವಾಗುತ್ತದೆ. ಉದ್ದದ ಕೇಬಲ್ ಒಂದನ್ನು ತಂದು, ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ರೂಟರನ್ನು ಇಡಿ. ಈಥರ್ನೆಟ್ ಕೇಬಲ್ 100 ಮೀಟರಿನವರೆಗೆ ಪೂರ್ಣ ವೇಗವನ್ನು ಒಯ್ಯುವಂತೆ ರೂಪಿಸಲ್ಪಟ್ಟಿದೆ, ಆದ್ದರಿಂದ ಮನೆಯೊಳಗೆ ಕೇಬಲ್ಲಿನ ಉದ್ದಕ್ಕೆ ಹೆದರಬೇಕಾಗಿಲ್ಲ. ಕಡ್ಡಿಯಂತಹ ಆಂಟೆನಾಗಳನ್ನು ದೂರದ ಕೋಣೆಯತ್ತ ಗುರಿಯಿಟ್ಟಂತೆ ಬಾಗಿಸಬೇಡಿ. ಅಂತಹ ಆಂಟೆನಾ ತನ್ನ ತುದಿಯ ದಿಕ್ಕಿನಲ್ಲಿ ಅತಿ ಕಡಿಮೆ, ತನ್ನ ಸುತ್ತಲೂ ಅಡ್ಡಡ್ಡವಾಗಿ ಅತಿ ಹೆಚ್ಚು ಅಲೆ ಬೀರುತ್ತದೆ. ಒಂದೇ ಮಹಡಿಯ ಮನೆಯಲ್ಲಿ ನೆಟ್ಟಗೆ ನಿಲ್ಲಿಸುವುದೇ ಸರಿ. ಮೇಲಿನ ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಬಹುದು.

ಸಿಗ್ನಲನ್ನು ಪಟ್ಟಿಗಳಿಂದ ಅಳೆಯುವುದಕ್ಕಿಂತ ವೈಫೈ ವಿಶ್ಲೇಷಕ ಆ್ಯಪ್ ಒಂದನ್ನು ಹಾಕಿಕೊಂಡು ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂಕಿಯನ್ನು ನೋಡುವುದು ಒಳ್ಳೆಯದು. ಅದು ಋಣ ಸಂಖ್ಯೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ರೂಟರಿನ ಪಕ್ಕದಲ್ಲಿ -30ರ ಆಸುಪಾಸು, ಒಳ್ಳೆಯ ಕೋಣೆಯಲ್ಲಿ -50 ರಿಂದ -60. ವಿಡಿಯೋ ಕರೆಗೆ -67ರವರೆಗೆ ನೆಮ್ಮದಿ, -80 ದಾಟಿದರೆ ಸಂಪರ್ಕವೇ ಅನಿಶ್ಚಿತ. ಪ್ರತಿ 3 ಅಂಕಿ ಕೆಳಗಿಳಿದಾಗಲೂ ಬಲ ಅರ್ಧವಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ರೂಟರನ್ನು ಕಪಾಟಿನಿಂದ ಹೊರಗಿಟ್ಟಾಗ 9 ಅಂಕಿ ಸುಧಾರಿಸುವುದು ಎಷ್ಟು ದೊಡ್ಡ ಲಾಭವೆಂದು ಅರ್ಥವಾಗುತ್ತದೆ. ಅದು ಎಂಟು ಪಟ್ಟು.

ಮೇಲ್ಮಹಡಿ:

ಅಲೆಯಳತೆ ಅವರೇ, ನಮ್ಮದು ಬಹುಮಹಡಿ ಕಟ್ಟಡ. ಆ್ಯಪಿನಲ್ಲಿ ನೋಡಿದರೆ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳು ಪರದೆ ತುಂಬಾ ಕಾಣುತ್ತವೆ. ನಮ್ಮ ಸಿಗ್ನಲ್ -48 ಇದೆ, ಆದರೂ 2.4 ಗಿಗಾಹರ್ಟ್ಸ್‌ನಲ್ಲಿ ಸಂಜೆಯಾದರೆ ಪುಟಗಳು ತೆರೆಯುವುದೇ ಕಷ್ಟ. ಸಿಗ್ನಲ್ ಬಲವಾಗಿರುವಾಗ ಹೀಗೇಕೆ?

ಅಲೆಯಳತೆ:

ಬಲವಾದ ಸಿಗ್ನಲ್ ಬೇರೆ, ಬಿಡುವಾದ ಚಾನೆಲ್ ಬೇರೆ. ಒಂದು ಚಾನೆಲಿನಲ್ಲಿ, ಅಂದರೆ ಆವರ್ತನದ ಒಂದು ತುಣುಕಿನಲ್ಲಿ, ಒಮ್ಮೆಗೆ ಒಂದು ಸಾಧನ ಮಾತನಾಡಿದರೆ ಮಾತ್ರ ಕೇಳಿಸುತ್ತದೆ. ಆದ್ದರಿಂದ ವೈಫೈ ಸಾಧನಗಳು ಮೊದಲು ಆಲಿಸಿ, ಯಾರೂ ಮಾತನಾಡುತ್ತಿಲ್ಲವೆಂದು ಕಂಡಾಗಲೇ ಕಳುಹಿಸುತ್ತವೆ. ಅಕ್ಕಪಕ್ಕದ ಮನೆಗಳ ರೂಟರುಗಳೂ ಅದೇ ಚಾನೆಲಿನಲ್ಲಿದ್ದರೆ ನಿಮ್ಮ ಸರದಿ ಬರುವುದೇ ತಡವಾಗುತ್ತದೆ.

2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲಿ 1 ರಿಂದ 13ರವರೆಗೆ ಚಾನೆಲುಗಳು ಕಾಣಿಸಿದರೂ (ಕೆಲವು ದೇಶಗಳಲ್ಲಿ 11ರವರೆಗೆ ಮಾತ್ರ) ಅವು ಪರಸ್ಪರ 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಆದರೆ ಒಂದು ವೈಫೈ ಸಂಕೇತ ಕನಿಷ್ಠ 20 ಮೆಗಾಹರ್ಟ್ಸ್ ಅಗಲ ಹರಡಿಕೊಳ್ಳುತ್ತದೆ. ಹೀಗಾಗಿ ಒಂದರ ಮೇಲೊಂದು ಬೀಳದೆ ಇರುವುದು 1, 6, 11 ಮಾತ್ರ. ಎಲ್ಲರೂ 6ರಲ್ಲಿ ಇದ್ದಾರೆಂದು ನೀವು 4ಕ್ಕೋ 8ಕ್ಕೋ ಹೋದರೆ ಸುಧಾರಣೆಯಾಗುವುದಿಲ್ಲ, ಇನ್ನೂ ಹದಗೆಡುತ್ತದೆ. ಒಂದೇ ಚಾನೆಲಿನಲ್ಲಿರುವವರು ಒಬ್ಬರನ್ನೊಬ್ಬರು ಆಲಿಸಿ ಸರದಿ ಹಂಚಿಕೊಳ್ಳುತ್ತಾರೆ. ಅರ್ಧ ಮೇಲೆಬಿದ್ದಿರುವ ಚಾನೆಲಿನವರು ಒಬ್ಬರಿಗೊಬ್ಬರು ಕೇವಲ ಗದ್ದಲವಾಗಿ ಕೇಳಿಸುತ್ತಾರೆ. ಮೂರರಲ್ಲಿ ಕಡಿಮೆ ದಟ್ಟಣೆಯದನ್ನು ಆರಿಸಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ನಿಗದಿಪಡಿಸಿ. 40 ಎಂದು ಇಟ್ಟರೆ ವೇಗ ಹೆಚ್ಚುತ್ತದೆಂದು ಕಾಗದದ ಮೇಲೆ ಕಾಣುತ್ತದೆ, ದಟ್ಟಣೆಯಲ್ಲಿ ಮಾತ್ರ ನಿಮಗೂ ನಷ್ಟ, ನೆರೆಯವರಿಗೂ ನಷ್ಟ. ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ ಎಂಬುದು ಗಮನದಲ್ಲಿರಲಿ. ರೂಟರಿನ ಯುಎಸ್‌ಬಿ 3.0 ಪೋರ್ಟಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗಲೂ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಹುಟ್ಟುತ್ತದೆ.

ಫೋನು, ಲ್ಯಾಪ್‌ಟಾಪ್, ಟಿವಿಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ. ಅಲ್ಲಿ ಜಾಗ ಬಹಳ ಇದೆ, ಗೋಡೆಗಳನ್ನು ದಾಟುವ ಶಕ್ತಿ ಕಡಿಮೆಯಾಗಿರುವುದು ಬಹುಮಹಡಿ ಕಟ್ಟಡದಲ್ಲಿ ವರವೇ ಆಗುತ್ತದೆ, ಏಕೆಂದರೆ ನೆರೆಯವರ ಸಿಗ್ನಲ್ಲೂ ನಿಮ್ಮಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ.

ಪಡಸಾಲೆ:

ರೂಟರನ್ನು ನಡುಕೋಣೆಯ ಕಪಾಟಿನ ಮೇಲೆ ಇಟ್ಟ ನಂತರ ಮಲಗುವ ಕೋಣೆಯಲ್ಲಿ -74 ಇದ್ದದ್ದು -61 ಆಗಿದೆ. ವಿಚಿತ್ರವೊಂದನ್ನು ಗಮನಿಸಿದೆ. ರೂಟರನ್ನು ಮತ್ತೆ ಹಚ್ಚಿದಾಗ 2.4ರ ಹೆಸರು ಬೇಗ ಕಾಣಿಸುತ್ತದೆ, 5ರ ಹೆಸರು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಕಾಣೆಯಾಗಿರುತ್ತದೆ. ಒಮ್ಮೆ ಹಗಲಿನಲ್ಲಿ ತಾನಾಗಿಯೇ ಕಾಣೆಯಾಗಿ ಮರಳಿತು. ಚಾನೆಲ್ ‘ಆಟೋ’ದಲ್ಲಿದೆ, ಈಗ 100 ಎಂದು ತೋರಿಸುತ್ತಿದೆ.

ಅಲೆಯಳತೆ:

ಅದು ದೋಷವಲ್ಲ, ನಿಯಮ. 5 ಗಿಗಾಹರ್ಟ್ಸ್‌ನ 52 ರಿಂದ 144ರವರೆಗಿನ ಚಾನೆಲುಗಳನ್ನು ಹವಾಮಾನ ಮತ್ತಿತರ ರಾಡಾರುಗಳೂ ಬಳಸುತ್ತವೆ. ಡಿಎಫ್‌ಎಸ್ (ರಾಡಾರಿಗೆ ದಾರಿ ಬಿಡುವ) ನಿಯಮ ಜಾರಿಯಲ್ಲಿರುವೆಡೆ ರೂಟರ್ ಆ ಚಾನೆಲಿನಲ್ಲಿ ಮಾತನಾಡುವ ಮೊದಲು ಕನಿಷ್ಠ 60 ಸೆಕೆಂಡು ಆಲಿಸಬೇಕು. ರಾಡಾರಿನ ಸುಳಿವು ಸಿಕ್ಕರೆ ಕೂಡಲೇ ಚಾನೆಲನ್ನು ಬಿಟ್ಟು, ಅರ್ಧ ಗಂಟೆಯವರೆಗೆ ಮರಳಬಾರದು. ಹಗಲಿನಲ್ಲಿ ಕಾಣೆಯಾದದ್ದಕ್ಕೂ ಬಹುಶಃ ಇದೇ ಕಾರಣ. ನಿಲುಗಡೆ ಮತ್ತೆ ಮತ್ತೆ ಆಗುತ್ತಿದ್ದರೆ 36, 40, 44, 48ರಲ್ಲಿ ಒಂದನ್ನು ನಿಗದಿಪಡಿಸಿ, ಅವುಗಳಿಗೆ ಈ ಕಾಯುವಿಕೆ ಇಲ್ಲ. ಅಪರೂಪಕ್ಕೆ ಒಮ್ಮೆ ಆಗುತ್ತಿದ್ದರೆ 100ರಲ್ಲೇ ಇರಿ; ಬಹಳ ಮನೆಗಳ ರೂಟರುಗಳು ಆ ಕಡೆಗೆ ಬರುವುದಿಲ್ಲವಾದ್ದರಿಂದ ಅಲ್ಲಿ ನೆಮ್ಮದಿ ಹೆಚ್ಚು.

ಮೇಲ್ಮಹಡಿ:

ಚಾನೆಲ್ 11, ಅಗಲ 20 ಎಂದು ಇಟ್ಟ ಮೇಲೆ ಸಂಜೆಯ ತೊಂದರೆ ಬಹುಮಟ್ಟಿಗೆ ತಗ್ಗಿದೆ. ಆದರೆ ಹಳೆಯ ಪ್ರಿಂಟರ್ ಮತ್ತು ಒಂದು ಸ್ಮಾರ್ಟ್ ಪ್ಲಗ್ ಹೊಸ ರೂಟರಿಗೆ ಸೇರುತ್ತಲೇ ಇಲ್ಲ. ಪಾಸ್‌ವರ್ಡ್ ಸರಿಯಾಗಿದೆಯೆಂದು ಖಚಿತವಾಗಿ ಹೇಳಬಲ್ಲೆ.

ನೆಲಮಾಳಿಗೆ:

ಅವೆರಡೂ ಬಹುಶಃ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಸಾಧನಗಳು. ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಡುವ ‘ಸ್ಮಾರ್ಟ್ ಕನೆಕ್ಟ್’ ಆಯ್ಕೆ ಚಾಲ್ತಿಯಲ್ಲಿದ್ದರೆ, ನಿಮ್ಮ ಫೋನು 5ರಲ್ಲಿ ಇರುವಾಗ ಪ್ಲಗ್ಗಿನ ಆ್ಯಪ್ ಅದನ್ನು ಹುಡುಕಲಾರದೆ ಸೋಲುವುದುಂಟು. ಆ ಆಯ್ಕೆಯನ್ನು ನಿಲ್ಲಿಸಿ, 2.4ಕ್ಕೆ ಬೇರೆ ಹೆಸರು ಕೊಟ್ಟು, ಜೋಡಿಸುವ ಹೊತ್ತಿಗೆ ಫೋನನ್ನೂ ಅದಕ್ಕೇ ಸೇರಿಸಿ ಪ್ರಯತ್ನಿಸಿ. ಇನ್ನೊಂದು ಸಾಧ್ಯತೆ ಭದ್ರತೆಯ ವಿಧಾನ. ವೈಫೈ ಭದ್ರತೆಯ ಹೊಸ ಮಾನದಂಡ ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಅದಕ್ಕಿಂತ ಹಳೆಯ ಪ್ರಿಂಟರುಗಳಿಗೆ ಅದು ತಿಳಿಯದು, ಕೆಲವು ಸಾಧನಗಳು ಡಬ್ಲ್ಯುಪಿಎ2 ಮತ್ತು 3ರ ಮಿಶ್ರ ವಿಧಾನದಲ್ಲೂ ತಡವರಿಸುತ್ತವೆ. 2.4ರ ಹೆಸರಿಗೆ ಮಾತ್ರ ಡಬ್ಲ್ಯುಪಿಎ2, ಎಇಎಸ್ (ಗೂಢಲಿಪಿಯ ಬಗೆ) ಎಂದು ಇಟ್ಟು, 5ರಲ್ಲಿ ಡಬ್ಲ್ಯುಪಿಎ3 ಉಳಿಸಿಕೊಳ್ಳಿ. ಹಳೆಯ ಸಾಧನಕ್ಕಾಗಿ ಟಿಕೆಐಪಿ ಅಥವಾ ಡಬ್ಲ್ಯುಇಪಿ ಎಂಬ ಹಳೆಯ ವಿಧಾನಗಳಿಗೆ ಮಾತ್ರ ಇಳಿಯಬೇಡಿ. ಡಬ್ಲ್ಯುಇಪಿ 2001ರಲ್ಲೇ ಮುರಿದುಬಿದ್ದ ಭದ್ರತೆ. ಅಲ್ಲದೆ ಈ ಎರಡರಲ್ಲಿ ಯಾವುದನ್ನು ಆರಿಸಿದರೂ ವೈಫೈ 54 ಎಂಬಿಪಿಎಸ್‌ನ ಹಳೆಯ ವೇಗಕ್ಕೆ ಕುಸಿಯುತ್ತದೆ.

ಪಡಸಾಲೆ:

ನನ್ನಲ್ಲಿ ಉಳಿದಿರುವ ಕೊನೆಯ ತೊಂದರೆ ಇದು. ವೇಗ ಪರೀಕ್ಷೆ ಸದಾ ಚೆನ್ನಾಗಿ ಬರುತ್ತದೆ, ಆದರೆ ಮನೆಯಲ್ಲಿ ಯಾರಾದರೂ ಫೋಟೋಗಳನ್ನು ಕ್ಲೌಡ್‌ಗೆ ಏರಿಸುವಾಗ ನನ್ನ ವಿಡಿಯೋ ಕರೆ ಒಡೆದು ಒಡೆದು ಕೇಳಿಸುತ್ತದೆ. ಸಿಗ್ನಲ್ -50, ತಂತಿಯಲ್ಲಿ ಜೋಡಿಸಿದರೂ ಅದೇ ಅನುಭವ.

ತಂತಿಮೂಲ:

ತಂತಿಯಲ್ಲೂ ಆಗುತ್ತಿದೆ ಎಂದು ಹೇಳಿದ್ದು ಬಹಳ ಉಪಯುಕ್ತ, ವೈಫೈಯನ್ನು ಅದು ಒಮ್ಮೆಗೇ ಅನುಮಾನದಿಂದ ಹೊರಗಿಡುತ್ತದೆ. ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನ ಕಮಾಂಡ್ ಕಿಟಕಿಯಲ್ಲಿ ಮೊದಲು ರೂಟರಿನ 192.168.50.1ಕ್ಕೆ, ಆಮೇಲೆ ಹೊರಗಿನ ಸರ್ವರ್ 8.8.8.8ಕ್ಕೆ ಪಿಂಗ್ (ಉತ್ತರ ಮರಳಲು ಎಷ್ಟು ಹೊತ್ತಾಯಿತೆಂದು ಅಳೆಯುವ ಸಂದೇಶ) ಕಳುಹಿಸಿ. ಮನೆ ಸುಮ್ಮನಿರುವಾಗ ಒಮ್ಮೆ, ದೊಡ್ಡ ಕಡತವೊಂದನ್ನು ಏರಿಸುತ್ತಿರುವಾಗ ಇನ್ನೊಮ್ಮೆ ನೋಡಿ. ಮೊದಲನೆಯದು ಎರಡೂ ಸಲ ಒಂದೆರಡು ಮಿಲಿಸೆಕೆಂಡಿನಲ್ಲೇ ಇದ್ದು, ಎರಡನೆಯದು ಮಾತ್ರ ನೂರಾರು ಮಿಲಿಸೆಕೆಂಡಿಗೆ ಏರಿದರೆ ಅದು ಬಫರ್‌ಬ್ಲೋಟ್. ಏರಿಸುವ ಕಡತದ ಪ್ಯಾಕೆಟ್‌ಗಳು ಪೆಟ್ಟಿಗೆಯ ನೆನಪಿನಲ್ಲಿ ಉದ್ದನೆಯ ಸಾಲಾಗಿ ನಿಂತು, ಕರೆಯ ಪುಟ್ಟ ಪ್ಯಾಕೆಟ್‌ಗಳು ಆ ಸಾಲಿನ ಕೊನೆಯಲ್ಲಿ ಕಾಯಬೇಕಾಗುತ್ತದೆ. ವೇಗ ಹೆಚ್ಚಿಸಿಕೊಂಡರೆ ಇದು ಪೂರ್ತಿ ಹೋಗುವುದಿಲ್ಲ, ಸಾಲನ್ನು ಚಿಕ್ಕದಾಗಿಡಬೇಕು. ರೂಟರಿನಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಒಎಸ್ ಎಂಬ, ಈ ಸಾಲನ್ನು ನಿರ್ವಹಿಸುವ ಆಯ್ಕೆ ಇದ್ದರೆ ಅದನ್ನು ಹಚ್ಚಿ, ಏರಿಸುವ ಮತ್ತು ಇಳಿಸುವ ವೇಗದ ಮಿತಿಯನ್ನು ನಿಜವಾಗಿ ಅಳೆದ ವೇಗದ ಶೇಕಡಾ 85 ರಿಂದ 90ಕ್ಕೆ ನಿಗದಿಪಡಿಸಿ. ತುಸು ವೇಗ ಬಿಟ್ಟುಕೊಟ್ಟು ಕರೆಯ ಸ್ಥಿರತೆ ಪಡೆಯುವ ಈ ವಿನಿಮಯವನ್ನು ನಾನು ಯಾವ ಮನೆಗಾದರೂ ಸಲಹೆ ಮಾಡುತ್ತೇನೆ.

ಪಡಸಾಲೆ:

ಪಿಂಗ್ ಸುಮ್ಮನಿದ್ದಾಗ 9 ಮಿಲಿಸೆಕೆಂಡ್, ಏರಿಸುವಾಗ 340ರವರೆಗೆ ಹೋಗುತ್ತಿತ್ತು. ಕ್ಯೂಒಎಸ್ ಹಚ್ಚಿ ಮಿತಿ ಹಾಕಿದ ಮೇಲೆ ಏರಿಸುವಾಗಲೂ 25 ದಾಟುತ್ತಿಲ್ಲ, ಕರೆ ಸ್ಪಷ್ಟವಾಗಿದೆ. ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಹೋಗಿದ್ದರೆ ಈ ಆಯ್ಕೆ ನನಗೆ ಸಿಗುತ್ತಿರಲಿಲ್ಲವೆಂದು ಕೈಪಿಡಿಯಿಂದ ತಿಳಿಯಿತು, ಆದ್ದರಿಂದ ಸದ್ಯಕ್ಕೆ ಈಗಿನ ಜೋಡಣೆಯನ್ನೇ ಉಳಿಸಿಕೊಳ್ಳುತ್ತೇನೆ.

ನೆಲಮಾಳಿಗೆ:

ಅದು ಸರಿಯಾದ ನಿರ್ಧಾರ, ನನ್ನ ಸಲಹೆಗಿಂತ ನಿಮ್ಮ ಮನೆಗೆ ಅದೇ ಹೊಂದುತ್ತದೆ. ಆಡಳಿತ ಪುಟವನ್ನು ಮುಚ್ಚುವ ಮೊದಲು ಕೆಲವು ಕೆಲಸ ಬಾಕಿ ಇವೆ. ವೈಫೈ ಪಾಸ್‌ವರ್ಡ್ ಬೇರೆ, ಆಡಳಿತ ಪುಟದ ಪಾಸ್‌ವರ್ಡ್ ಬೇರೆ. ಎರಡನೆಯದು ಚೀಟಿಯಲ್ಲಿ ಮುದ್ರಿತವಾಗಿರುವ ‘ಅಡ್ಮಿನ್’ ಎಂಬುದೇ ಆಗಿದ್ದರೆ ಈಗಲೇ ಬದಲಾಯಿಸಿ. ಪಾಸ್‌ವರ್ಡ್ ಬದಲು ಪಿನ್ ಕೊಟ್ಟು ವೈಫೈಗೆ ಸೇರುವ ಡಬ್ಲ್ಯುಪಿಎಸ್ ಪಿನ್ ವಿಧಾನವನ್ನು ನಿಲ್ಲಿಸಿಡಿ. ಆ ಎಂಟಂಕಿಯ ಪಿನ್ನನ್ನು ರೂಟರ್ ಎರಡು ಭಾಗವಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಕೇವಲ ತಾಳೆ ನೋಡುವ ಅಂಕಿ, ಹಾಗಾಗಿ ಹತ್ತು ಕೋಟಿ ಇರಬೇಕಾದ ಸಾಧ್ಯತೆಗಳು 11,000ಕ್ಕೆ ಇಳಿಯುತ್ತವೆಂಬುದು 2011ರಲ್ಲೇ ಬಯಲಾಗಿದೆ. ಹೊರಗಿನಿಂದ ಆಡಳಿತ ಪುಟ ತೆರೆಯುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಕೂಡ ಆರಿರಲಿ. ಅತಿಥಿಗಳಿಗೂ ಸ್ಮಾರ್ಟ್ ಪ್ಲಗ್ಗಿನಂತಹ ಸಾಧನಗಳಿಗೂ ಗೆಸ್ಟ್ ಜಾಲ ಸಾಕು, ಅಲ್ಲಿಂದ ನಿಮ್ಮ ಲ್ಯಾಪ್‌ಟಾಪ್ ಕಾಣಿಸುವುದಿಲ್ಲ. ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ನವೀಕರಣ ಬಂದಿದ್ದರೆ ಹಾಕಿ, ಅದು ನಡೆಯುವಾಗ ಮಾತ್ರ ವಿದ್ಯುತ್ ಹೋಗದಂತೆ ನೋಡಿಕೊಳ್ಳಿ.

ಎಲ್ಲ ಸೆಟ್ಟಿಂಗ್‌ಗಳೂ ಈಗ ಸರಿಯಾಗಿರುವುದರಿಂದ ‘ಬ್ಯಾಕಪ್’ ಎಂಬ ಗುಂಡಿ ಒತ್ತಿ ಆ ಕಡತವನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಮುಂದೆ ರೀಸೆಟ್ ಮಾಡಬೇಕಾಗಿ ಬಂದರೆ ಒಳವಿಳಾಸ, ಚಾನೆಲ್, ಕ್ಯೂಒಎಸ್ ಮಿತಿ ಎಲ್ಲವನ್ನೂ ಮತ್ತೆ ನೆನಪಿನಿಂದ ತುಂಬುವ ಅಗತ್ಯವಿರುವುದಿಲ್ಲ.

ಮೇಲ್ಮಹಡಿ:

ಹೆಸರು ಬೇರೆ ಮಾಡಿದ ಕೂಡಲೇ ಸ್ಮಾರ್ಟ್ ಪ್ಲಗ್ ಸೇರಿಕೊಂಡಿತು. ಪ್ರಿಂಟರ್ ಡಬ್ಲ್ಯುಪಿಎ2ಕ್ಕೆ ಬದಲಾಯಿಸಿದ ಮೇಲೆ ಸೇರಿತು. ಎಲ್ಲರಿಗೂ ಧನ್ಯವಾದಗಳು.